ಪರೀಕ್ಷಿಸದ ಸಂಕೇತ ಹೇಳುವ ಆಳ

ರಸ್ತೆಯನ್ನು ಉದ್ದಕ್ಕೂ ಅಗೆಯದೆ, ಒಂದು ಬದಿಯಲ್ಲಿ ಓರೆಯಾಗಿ ನೆಲದೊಳಗೆ ಇಳಿದು ಮತ್ತೊಂದು ಬದಿಯಲ್ಲಿ ಮೇಲೇಳುವಂತೆ ರಂಧ್ರ ಕೊರೆದು, ಅದರ ಮೂಲಕ ಕೇಬಲನ್ನೋ ಕೊಳವೆಯನ್ನೋ ಎಳೆದುಕೊಳ್ಳುವ ವಿಧಾನವನ್ನು ಕೆಲಸಗಾರರು ಎಚ್‌ಡಿಡಿ ಎಂದು ಕರೆಯುತ್ತಾರೆ. 1971ರಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಬಳಿ ಮಾರ್ಟಿನ್ ಚೆರಿಂಗ್ಟನ್ ಪಹಾರೊ ನದಿಯ ತಳದಲ್ಲಿ ಹೀಗೆ ಕೊಳವೆ ದಾಟಿಸಿದಾಗ ಅಪರೂಪದ ಸಾಹಸವಾಗಿದ್ದ ಈ ಕೆಲಸ, ಇಂದು ಬೆಂಗಳೂರಿನಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ (ಓಎಫ್‌ಸಿ), ವಿದ್ಯುತ್ತಿನ ಭೂಗತ (ಯುಜಿ) ಕೇಬಲ್, ಮನೆಗಳಿಗೆ ನೈಸರ್ಗಿಕ ಅನಿಲ ಒಯ್ಯುವ ಕೊಳವೆ ಎಲ್ಲಕ್ಕೂ ದಿನನಿತ್ಯದ ಮಾರ್ಗವಾಗಿದೆ. ಕೆಲಸ ಹೀಗೆ ಸಾಮಾನ್ಯವಾದಂತೆ ಗುತ್ತಿಗೆದಾರರಲ್ಲಿಯೂ, ಅವರ ಮೇಲ್ವಿಚಾರಣೆಗೆ ನಿಂತ ಎಂಜಿನಿಯರುಗಳಲ್ಲಿಯೂ ಒಂದು ಅಭಿಪ್ರಾಯ ಬೇರೂರಿದೆ. ಕೊರೆಯುವ ತಲೆ ನೆಲದೊಳಗೆ ಎಲ್ಲಿದೆ ಎಂದು ತೋರಿಸುವ ಉಪಕರಣಕ್ಕೆ ಸುತ್ತಲಿನ ವಿದ್ಯುತ್ ಮತ್ತು ಲೋಹದಿಂದ ಎಷ್ಟು ಅಡಚಣೆಯಿದೆ ಎಂಬುದನ್ನು ಮೊದಲೇ ಪರೀಕ್ಷಿಸುವುದು ಕೈಪಿಡಿಯ ಶಿಷ್ಟಾಚಾರ. ಈಗಿನ ಉಪಕರಣ ಅದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಅದು ಸೋತರೂ ಅನುಭವಸ್ಥನ ಕಣ್ಣಿಗೆ ತೊಂದರೆ ಕಾಣದೆ ಹೋಗುವುದಿಲ್ಲ. ಈ ಮೂರು ಮಾತುಗಳಲ್ಲಿ ಒಂದಕ್ಕೂ ಆಧಾರವಿಲ್ಲವೆಂಬುದು, ಉಪಕರಣ ಆಳವನ್ನು ಹೇಗೆ ಕಂಡುಕೊಳ್ಳುತ್ತದೆ ಎಂಬುದನ್ನು ನೋಡಿದೊಡನೆ ಗೊತ್ತಾಗುತ್ತದೆ.

ಕೊರೆಯುವ ತಲೆಯ ಹಿಂದಿನ ಉಕ್ಕಿನ ಕವಚದೊಳಗೆ ಸೋಂಡ್ ಎಂದು ಕರೆಯುವ ಪುಟ್ಟ ಟ್ರಾನ್ಸ್‌ಮಿಟರ್ ಇರುತ್ತದೆ. ಅದು ಸಾಮಾನ್ಯವಾಗಿ ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರ ಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಹೊರಸೂಸುತ್ತ, ಅದೇ ಅಲೆಯ ಮೇಲೆ ತನ್ನ ಓರೆಯನ್ನೂ (ಇದು ಪಿಚ್), ತಲೆಯ ಇಳಿಜಾರು ಮುಖ ಯಾವ ಕಡೆಗೆ ತಿರುಗಿದೆ ಎಂಬುದನ್ನೂ (ಇದು ರೋಲ್) ಹೇರಿ ಕಳಿಸುತ್ತದೆ. ಮೇಲೆ ರಿಸೀವರ್ ಹಿಡಿದು ತಲೆಯನ್ನು ಹಿಂಬಾಲಿಸುವವನು ಲೊಕೇಟರ್. ಅವನ ಕೈಯ ಪರದೆಯ ಮೇಲೆ ‘2.5 ಮೀಟರ್’ ಎಂಬ ಅಂಕಿ ಮೂಡಿದಾಗ, ಉಪಕರಣ ಆಳವನ್ನೇ ಅಳೆದಿದೆ ಎಂದು ನೋಡುವವರಿಗೆಲ್ಲ ಅನಿಸುತ್ತದೆ. ಆದರೆ ಅದು ಅಳೆದಿರುವುದು ಕಾಂತಕ್ಷೇತ್ರದ ಬಲವನ್ನು ಮಾತ್ರ. ಕೆಲಸಕ್ಕೆ ಮುನ್ನ ಕವಚದೊಳಗೆ ಕೂರಿಸಿದ ಸೋಂಡನ್ನು ನೆಲದ ಮೇಲೆ, ಸಾಮಾನ್ಯವಾಗಿ 3 ಮೀಟರ್ ದೂರದಲ್ಲಿಟ್ಟು, ಆ ದೂರಕ್ಕೆ ಎಷ್ಟು ಬಲದ ಸಂಕೇತ ಬರುತ್ತದೆ ಎಂಬುದನ್ನು ರಿಸೀವರಿಗೆ ಕಲಿಸಿರುತ್ತಾರೆ. ಈ ಕಲಿಕೆಗೆ ಕ್ಯಾಲಿಬ್ರೇಷನ್ ಎಂದು ಹೆಸರು. ಆಮೇಲೆ ಬರುವ ಪ್ರತಿಯೊಂದು ಆಳವೂ, ಈಗ ಬರುತ್ತಿರುವ ಬಲ ಅಂದಿನ ಬಲಕ್ಕಿಂತ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂಬುದರಿಂದ ತೆಗೆದ ಊಹೆ. ರಿಸೀವರಿಗೆ ತಲುಪುತ್ತಿರುವ ಬಲವೆಲ್ಲ ಸೋಂಡಿನದೇ, ಸೋಂಡು ಕಳಿಸಿದ್ದು ದಾರಿಯಲ್ಲಿ ಎಲ್ಲಿಯೂ ಸೋರಿಹೋಗಿಲ್ಲ ಎಂಬ ಎರಡು ಷರತ್ತುಗಳ ಮೇಲೆ ಆ ಊಹೆ ನಿಂತಿದೆ, ಮತ್ತು ಅಡಚಣೆಯ ಪರೀಕ್ಷೆ ನಡೆಯುವುದು ಈ ಎರಡು ಷರತ್ತುಗಳು ನಿಜವೇ ಎಂದು ತಿಳಿಯುವುದಕ್ಕೆ. ಮುಳ್ಳು ನಡುವೆ ನಿಂತಿದೆಯೇ ಎಂದು ನೋಡದೆ ತಕ್ಕಡಿಗೆ ಧಾನ್ಯ ಸುರಿದವನ ಕೈಯಲ್ಲಿ ತೂಕವೆಂಬುದು ಇರುವುದಿಲ್ಲ. ಪರೀಕ್ಷೆ ಬಿಟ್ಟವನ ಪರದೆಯ ಮೇಲೆ ಆಳವೆಂಬುದು ಇರುವುದಿಲ್ಲ.

ಅಡಚಣೆ ಎರಡು ಬಗೆಯದು, ಮತ್ತು ಇವೆರಡೂ ಉಂಟುಮಾಡುವ ತಪ್ಪು ಸಾಮಾನ್ಯವಾಗಿ ವಿರುದ್ಧ ದಿಕ್ಕಿನದು ಎಂಬುದನ್ನು ಪರೀಕ್ಷೆಯನ್ನು ಹಗುರವಾಗಿ ಕಾಣುವವರು ಗಮನಿಸಿದಂತಿಲ್ಲ. ತಾನೇ ಸಂಕೇತ ಹೊರಡಿಸುವ ವಸ್ತುವಿನಿಂದ ಬರುವುದು ಸಕ್ರಿಯ ಅಡಚಣೆ: ಭೂಗತ 11 ಕೆವಿ ಮತ್ತು 66 ಕೆವಿ ಕೇಬಲ್, ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್, ಬೀದಿದೀಪದ ತಂತಿ, ಮೋಟಾರಿನ ವೇಗ ಬದಲಿಸುವ ಡ್ರೈವ್, ಕೊಳವೆಗಳಿಗೆ ತುಕ್ಕು ಹಿಡಿಯದಂತೆ ವಿದ್ಯುತ್ ಹರಿಸುವ ಕ್ಯಾಥೋಡಿಕ್ ರಕ್ಷಣೆ, ಕೆಲವೊಮ್ಮೆ ಪಕ್ಕದ ಬೀದಿಯಲ್ಲಿ ಅದೇ ಆವರ್ತನದಲ್ಲಿ ಕೊರೆಯುತ್ತಿರುವ ಇನ್ನೊಂದು ರಿಗ್, ಅಂದರೆ ಕೊರೆಯುವ ಯಂತ್ರ. ನಮ್ಮ ವಿದ್ಯುತ್ತಿನ ಮೂಲ ಆವರ್ತನ 50 ಹರ್ಟ್ಸ್ ಆದರೂ, ಅದರ ಗುಣಕಗಳಾದ ಹಾರ್ಮೋನಿಕ್‌ಗಳು ಸಾವಿರಾರು ಹರ್ಟ್ಸ್‌ವರೆಗೆ ಚಾಚಿಕೊಂಡಿರುತ್ತವೆ, ಹಾಗೂ ಮೋಟಾರ್ ಡ್ರೈವ್‌ಗಳು ಸೋಂಡು ಮಾತನಾಡುವ ವಲಯದಲ್ಲಿಯೇ ಗದ್ದಲ ಎಬ್ಬಿಸಬಲ್ಲವು. ಈ ಗದ್ದಲ ಸೋಂಡಿನ ಸಂಕೇತಕ್ಕೆ ಸೇರಿಕೊಂಡಾಗ ಬಲ ಹೆಚ್ಚಾದಂತೆ ಕಂಡು, ತಲೆ ನಿಜವಾಗಿ ಇರುವುದಕ್ಕಿಂತ ಮೇಲಿದೆ ಎಂದು ರಿಸೀವರ್ ಹೇಳುತ್ತದೆ. ಲೊಕೇಟರ್ ತಲೆಯನ್ನು ಇನ್ನಷ್ಟು ಕೆಳಗಿಳಿಸುತ್ತಾನೆ, ಮತ್ತು ಕೆಳಗೆ ಒಳಚರಂಡಿಯ ಕೊಳವೆಯಿರುತ್ತದೆ.

ತಾನೇನೂ ಹೊರಡಿಸದೆ ಸೋಂಡಿನ ಕಾಂತಕ್ಷೇತ್ರವನ್ನು ಹೀರುವ, ತಡೆಯುವ ಅಥವಾ ಬಾಗಿಸುವ ವಸ್ತುವಿನಿಂದ ಬರುವುದು ನಿಷ್ಕ್ರಿಯ ಅಡಚಣೆ. ಆರ್‌ಸಿಸಿ ರಾಜಕಾಲುವೆಯ ಮೇಲ್ಚಪ್ಪಡಿಯ ಕಂಬಿಗಳು, ಮೇಲ್ಸೇತುವೆಯ ಅಡಿಪಾಯ, ವೈಟ್ ಟಾಪಿಂಗ್ ರಸ್ತೆಯ ಕೀಲುಗಳಲ್ಲಿ ಕೂರಿಸಿದ ಉಕ್ಕಿನ ಸರಳುಗಳು, ಗುಂಡಿಯ ಮೇಲೆ ಹಾಸಿದ ಉಕ್ಕಿನ ತಟ್ಟೆ, ಹಳೆಯ ಬೀಡುಕಬ್ಬಿಣದ ನೀರಿನ ಕೊಳವೆ ಎಲ್ಲವೂ ಈ ಗುಂಪಿನವು. ಕರಾವಳಿಯಲ್ಲಿ ಉಪ್ಪುನೀರು ನೆನೆದ ನೆಲವೂ ಇದೇ ಕೆಲಸ ಮಾಡುತ್ತದೆ. ಇಲ್ಲಿ ಬಲ ಕುಗ್ಗುವುದರಿಂದ ತಲೆ ನಿಜಕ್ಕಿಂತ ಆಳದಲ್ಲಿದೆ ಎಂದು ತೋರುತ್ತದೆ. ಸೋಂಡಿನ ಸಂಕೇತದ ಬಲ ದೂರದ ಘನಕ್ಕೆ ವಿಲೋಮವಾಗಿ, ಅಂದರೆ ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುವಂತೆ, ಕುಗ್ಗುತ್ತದೆ ಎಂಬ ನಿಯಮದಿಂದ ಈ ತಪ್ಪಿನ ಗಾತ್ರವನ್ನು ಲೆಕ್ಕ ಹಾಕಬಹುದು. ತಲೆ ನಿಜವಾಗಿ 2 ಮೀಟರ್ ಆಳದಲ್ಲಿದ್ದು ಕಂಬಿಗಳ ಜಾಲರಿ ಅರ್ಧ ಬಲವನ್ನು ನುಂಗಿದರೆ, ಪರದೆಯ ಮೇಲೆ ಸುಮಾರು 2.52 ಮೀಟರ್ ಕಾಣುತ್ತದೆ. ವಿನ್ಯಾಸದ ಆಳ 2.5 ಮೀಟರ್ ಆಗಿದ್ದರೆ ಲೊಕೇಟರ್ ತೃಪ್ತನಾಗಿ ಮುಂದಕ್ಕೆ ಸನ್ನೆ ಮಾಡುತ್ತಾನೆ, ಏಕೆಂದರೆ ಅಂಕಿ ನಡುಗುತ್ತಿಲ್ಲ, ಎಚ್ಚರಿಕೆಯ ಗುರುತು ಮೂಡಿಲ್ಲ, ಪಿಚ್ ಮತ್ತು ರೋಲ್ ಕ್ರಮವಾಗಿ ಬರುತ್ತಿವೆ. ಆದರೂ ತಲೆ ಅರ್ಧ ಮೀಟರಿನಷ್ಟು ಮೇಲೆ, ಅನಿಲದ ಮತ್ತು ಕುಡಿಯುವ ನೀರಿನ ಕೊಳವೆಗಳಿಗೆ ಅಷ್ಟು ಹತ್ತಿರದಲ್ಲಿ ಸಾಗುತ್ತಿದೆ.

‘ಉಪಕರಣ ತಾನೇ ನೋಡಿಕೊಳ್ಳುತ್ತದೆ’ ಎಂಬ ವಾದವನ್ನು ಇಲ್ಲಿ ನಿಲ್ಲಿಸಿ ನೋಡಬೇಕು, ಏಕೆಂದರೆ ಉಳಿದ ವಾದಗಳಿಗೆಲ್ಲ ಬೆನ್ನೆಲುಬು ಅದು. ಹೊಸ ರಿಸೀವರುಗಳು ವಿಶಾಲವಾದ ಆವರ್ತನ ವಲಯವನ್ನು ಜಾಲಾಡಿ, ಗದ್ದಲ ಕಡಿಮೆಯಿರುವ ಆವರ್ತನಗಳನ್ನು ಆರಿಸಿ, ಸೋಂಡನ್ನು ಅದಕ್ಕೆ ಹೊಂದಿಸುತ್ತವೆ ಎಂಬುದು ನಿಜ, ಮತ್ತು ಇದು ದೊಡ್ಡ ಸುಧಾರಣೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ಜಾಲಾಟ ನಡೆಯುವುದು ರಿಸೀವರ್ ಹಿಡಿದವನು ನಿಂತ ಜಾಗದಲ್ಲಿ, ಆ ಗಳಿಗೆಯಲ್ಲಿ. ರಿಗ್‌ನ ಪಕ್ಕದಲ್ಲಿ ನಿಂತು ಆರಿಸಿದ ಆವರ್ತನ ನೂರು ಮೀಟರ್ ಆಚೆಯ ಟ್ರಾನ್ಸ್‌ಫಾರ್ಮರಿನ ಕೆಳಗೂ ಶುದ್ಧವಾಗಿಯೇ ಇರುತ್ತದೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ. ಮಾರ್ಗವನ್ನೆಲ್ಲ ನಡೆದು, ಗದ್ದಲ ಅತಿ ಹೆಚ್ಚಿರುವ ಸ್ಥಳವನ್ನು ಗುರುತಿಸಿ, ಅಲ್ಲಿ ನಿಂತು ಆರಿಸಿದರೆ ಮಾತ್ರ ಆ ಆಯ್ಕೆಗೆ ಅರ್ಥವಿದೆ. ಇದಕ್ಕಿಂತ ಗಂಭೀರವಾದ ಮಿತಿ ಇನ್ನೊಂದಿದೆ. ಸೋಂಡು ಆರಿರುವಾಗ ರಿಸೀವರಿಗೆ ಕೇಳಿಸುವುದು ಸದ್ದು ಮಾಡುವ ವಸ್ತುಗಳು ಮಾತ್ರ. ಕಂಬಿ ಸದ್ದು ಮಾಡುವುದಿಲ್ಲ. ಉಕ್ಕಿನ ತಟ್ಟೆ ಸದ್ದು ಮಾಡುವುದಿಲ್ಲ. ಎಷ್ಟು ದುಬಾರಿಯ ರಿಸೀವರ್ ಆದರೂ ನಿಷ್ಕ್ರಿಯ ಅಡಚಣೆಯನ್ನು ಜಾಲಾಟದಿಂದ ಹಿಡಿಯಲಾರದು. ಅದನ್ನು ಹಿಡಿಯುವುದು ರಸ್ತೆಯನ್ನು ನಡೆದು ನೋಡಿದ ಕಣ್ಣು, ಕಾಲುವೆಯ ಮತ್ತು ಸೇತುವೆಯ ನಕ್ಷೆ, ಹಾಗೂ ಕೊರೆಯುವಾಗ ಬೇರೆ ದಾರಿಯಿಂದ ಮಾಡುವ ತಾಳೆ. ಯಂತ್ರವನ್ನು ನಂಬಿ ಪರೀಕ್ಷೆ ಬಿಡುವವರು, ಯಂತ್ರಕ್ಕೆ ಕಾಣದ ಅಡಚಣೆಯ ವಿಷಯದಲ್ಲಿಯೇ ಅದರ ಮೇಲೆ ಅತಿ ಹೆಚ್ಚು ಭಾರ ಹೊರಿಸುತ್ತಿದ್ದಾರೆ.

ಕ್ಯಾಲಿಬ್ರೇಷನ್ ಮಾಡುವ ಜಾಗವೂ ಇದೇ ಕಾರಣಕ್ಕೆ ಮುಖ್ಯ. ರಿಗ್‌ನ ಪಕ್ಕದಲ್ಲಿ, ತಲೆಯನ್ನು ಮುಂದಕ್ಕೆ ತಳ್ಳುವ ಉಕ್ಕಿನ ರಾಡ್‌ಗಳ ರಾಶಿಯ ಬದಿಯಲ್ಲಿ, ಕಾಂಕ್ರೀಟು ಚಪ್ಪಡಿಯ ಮೇಲೆ ಸೋಂಡನ್ನಿಟ್ಟು ಆತುರದಲ್ಲಿ ಗುಂಡಿ ಒತ್ತಿದರೆ, ಅಲ್ಲಿನ ಲೋಹ ಕುಗ್ಗಿಸಿದ ಬಲವನ್ನೇ ರಿಸೀವರ್ ‘3 ಮೀಟರ್’ ಎಂದು ಕಲಿಯುತ್ತದೆ. ಕುಗ್ಗಿದ್ದು ಅರ್ಧದಷ್ಟಾದರೆ, ಮುಂದೆ ಯಾವ ಅಡಚಣೆಯೂ ಇಲ್ಲದ ಮಣ್ಣಿನಲ್ಲಿ ನಿಜವಾದ 3 ಮೀಟರ್ ಆಳ ಸುಮಾರು 2.4 ಮೀಟರ್ ಎಂದು ಕಾಣುತ್ತದೆ, ಮತ್ತು ಈ ತಪ್ಪು ಒಂದೆರಡು ಕಡೆಗೆ ನಿಲ್ಲದೆ ಇಡೀ ಮಾರ್ಗಕ್ಕೆ ಅಂಟಿಕೊಳ್ಳುತ್ತದೆ. ಕ್ಯಾಲಿಬ್ರೇಷನ್ ಆದ ಮೇಲೆ ಸೋಂಡನ್ನು ಬೇರೆ ಜಾಗದಲ್ಲಿ, ಬೇರೆ ಬೇರೆ ದೂರಗಳಲ್ಲಿಟ್ಟು ಟೇಪಿನಿಂದ ಅಳೆದು ಪರದೆಯ ಅಂಕಿಯೊಂದಿಗೆ ಹೋಲಿಸುವುದರಿಂದ ಈ ದೋಷ ಬಯಲಾಗುತ್ತದೆ. ಆ ಹೋಲಿಕೆಯನ್ನೂ ಶಿಷ್ಟಾಚಾರವೆಂದೇ ಬಿಡಲಾಗುತ್ತಿದೆ.

ಅನುಭವದ ವಾದಕ್ಕೆ ಗೌರವ ಸಲ್ಲಬೇಕು, ಏಕೆಂದರೆ ಒಳ್ಳೆಯ ಲೊಕೇಟರನ ಅನುಭವ ನಿಜವಾದ ಆಸ್ತಿ. ಆದರೆ ಆ ಅನುಭವದಲ್ಲಿ ಏನಿದೆ ಎಂದು ಕೇಳಿದರೆ ಪರೀಕ್ಷೆಯನ್ನು ಬಿಡುವವರಿಗೆ ಅದರಿಂದ ಸಮರ್ಥನೆ ದೊರೆಯುವುದಿಲ್ಲ. ಪಳಗಿದ ಲೊಕೇಟರ್ ಪರದೆಯ ಆಳವನ್ನು ಎರಡು ಸ್ವತಂತ್ರ ದಾರಿಗಳಿಂದ ತಾಳೆ ನೋಡುತ್ತಾನೆ. ಮೊದಲನೆಯದು ಪಿಚ್‌ನ ಲೆಕ್ಕ: ರಾಡ್‌ನ ಉದ್ದ 3 ಮೀಟರ್ ಇದ್ದು ತಲೆ ಶೇ 10ರ ಓರೆಯಲ್ಲಿ ಇಳಿಯುತ್ತಿದ್ದರೆ ಪ್ರತಿ ರಾಡ್‌ಗೆ ಸುಮಾರು 30 ಸೆಂಟಿಮೀಟರ್ ಆಳ ಕೂಡಬೇಕು, ಹೀಗೆ ರಾಡ್‌ಗೊಂದು ಸಾಲು ಬರೆದು ಕೂಡುತ್ತ ಬಂದ ಆಳ, ಸಂಕೇತದ ಬಲದಿಂದ ಬಂದ ಆಳಕ್ಕೆ ಹೊಂದದಿದ್ದರೆ ಎಲ್ಲಿಯೋ ಕೆಡುಕಿದೆ. ಎರಡನೆಯದು ನೆಲದ ಮೇಲಿನ ಜ್ಯಾಮಿತಿ. ಸೋಂಡಿನ ಮುಂದೆ ಒಂದು, ಹಿಂದೆ ಒಂದು ನಿರ್ದಿಷ್ಟ ಬಿಂದುವನ್ನು ರಿಸೀವರ್ ಗುರುತಿಸುತ್ತದೆ. ನೆಲ ಸಮತಟ್ಟಾಗಿದ್ದು ಸೋಂಡು ಓರೆಯಿಲ್ಲದೆ ಮಲಗಿದ್ದಾಗ ಆ ಎರಡರ ನಡುವಿನ ಅಂತರ ಆಳದ ಸುಮಾರು 1.4 ಪಟ್ಟು ಇರಬೇಕು. ಟೇಪು ಹಿಡಿದು ಆ ಅಂತರವನ್ನಳೆದು 0.7ರಿಂದ ಗುಣಿಸಿದರೆ, ಕ್ಯಾಲಿಬ್ರೇಷನ್ನಿಗೂ ಬಲಕ್ಕೂ ಸಂಬಂಧವಿಲ್ಲದ ಇನ್ನೊಂದು ಆಳ ಕೈಗೆ ಸಿಗುತ್ತದೆ. ಬಿಂದುಗಳು ಒಂದೇ ಗೆರೆಯಲ್ಲಿ ಬರದೆ ಪಕ್ಕಕ್ಕೆ ಸರಿದಿದ್ದರೆ, ಅಥವಾ ಸೋಂಡು ಓರೆಯಿಲ್ಲದಿದ್ದಾಗಲೂ ತಲೆಯಿಂದ ಸಮ ದೂರದಲ್ಲಿ ಇಲ್ಲದಿದ್ದರೆ, ಕ್ಷೇತ್ರವನ್ನು ಯಾವುದೋ ಲೋಹ ಬಾಗಿಸಿದೆ ಎಂದೇ ತಿಳಿಯಬೇಕು. ಅನುಭವವೆಂದರೆ ಇದು: ಅಂಕಿಯನ್ನು ಅನುಮಾನಿಸುವ ಶಿಸ್ತು. ಪರೀಕ್ಷೆಯನ್ನು ಬಿಟ್ಟುಬಿಡುವುದಕ್ಕೆ ಇದೇ ಅನುಭವವನ್ನು ನೆಪ ಮಾಡುವುದು ಆ ಲೊಕೇಟರನಿಗೇ ಮಾಡುವ ಅನ್ಯಾಯ.

‘ಇಷ್ಟು ವರ್ಷ ಹೀಗೆಯೇ ಕೊರೆದಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಇವೆಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ ಮತ್ತು ಇವೆಲ್ಲಕ್ಕಿಂತ ಹೆಚ್ಚು ದುರ್ಬಲವಾದುದು. ಕೊರೆತದ ತಪ್ಪು ಅಂದೇ ಕಾಣಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ 1976ರ ಆಗಸ್ಟ್‌ನಲ್ಲಿ ಒಂದು ಮನೆ ಸ್ಫೋಟಿಸಿ ಇಬ್ಬರು ಸತ್ತರು. ಹಿಂದೆ ರಂಧ್ರ ಕೊರೆದು ಎಳೆದಿದ್ದ ಅನಿಲದ ಪ್ಲಾಸ್ಟಿಕ್ ಕೊಳವೆ, ಮನೆಯಿಂದ ಹೊರಡುವ ಒಳಚರಂಡಿಯ ಕೊಳವೆಯನ್ನು ಅಡ್ಡಲಾಗಿ ತೂರಿಕೊಂಡು ಹೋಗಿತ್ತು. ಕೊರೆದ ದಿನ ಯಾರಿಗೂ ಏನೂ ಕಾಣಲಿಲ್ಲ; ಚರಂಡಿ ಕಟ್ಟಿಕೊಂಡು, ಅದನ್ನು ಬಿಡಿಸಲು ಹೋದಾಗ ಅನಿಲದ ಕೊಳವೆ ಹರಿಯಿತು. ಅಲ್ಲಿನ ತಪ್ಪಿಗೆ ಕಾರಣ ಸಂಕೇತದ ಅಡಚಣೆಯಲ್ಲ, ಆ ಕಾಲಕ್ಕೆ ಈ ಉಪಕರಣಗಳೇ ಇರಲಿಲ್ಲ. ಆದರೂ, ತಪ್ಪಾದ ಆಳದಲ್ಲಿ ಹಾದ ಕೊಳವೆ ಮೇಲೆ ಯಾವ ಸುಳಿವನ್ನೂ ಕೊಡದೆ ಮಲಗಿರಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಬೆಂಗಳೂರಿನ ಬೀದಿಗಳ ಕೆಳಗೆ ಹೀಗೆ ಮಲಗಿರುವುದು ಎಷ್ಟಿದೆ ಎಂದು ಚರಂಡಿಯೊಳಗೆ ಕ್ಯಾಮೆರಾ ಇಳಿಸಿ ನೋಡದ ಯಾವ ಗುತ್ತಿಗೆದಾರನೂ ‘ಏನೂ ಆಗಿಲ್ಲ’ ಎನ್ನುವ ಸ್ಥಿತಿಯಲ್ಲಿ ಇಲ್ಲ. ಅವನು ಹೇಳಬಹುದಾದದ್ದು ‘ಏನೂ ಕಂಡಿಲ್ಲ’ ಎಂದು ಮಾತ್ರ.

ಭೂಗತ ಸೌಲಭ್ಯಗಳ ನಕ್ಷೆ ಸಿಕ್ಕಿದ ಮೇಲೆ ಈ ಗಾಬರಿಯೇಕೆ ಎಂದು ಕೇಳುವವರೂ ಇದ್ದಾರೆ. ಅಗೆಯುವವರು ಮೊದಲೇ ತಿಳಿಸಿ, ಆ ನೆಲದಡಿಯ ಆಸ್ತಿಯ ಒಡೆಯರನ್ನು ಸಂಪರ್ಕಿಸುವಂತೆ ಮಾಡಲು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿದ್ದು ಸ್ವಾಗತಾರ್ಹ ಹೆಜ್ಜೆ. ಆದರೆ ನಕ್ಷೆಯೂ ಆ್ಯಪ್‌ ಕೂಡ ಹೇಳುವುದು ಕೊಳವೆ ಎಲ್ಲಿದೆ ಎಂದು. ಕೊರೆಯುವ ತಲೆ ಎಲ್ಲಿದೆ ಎಂದು ಹೇಳಬೇಕಾದದ್ದು ರಿಸೀವರ್. ಕೊಳವೆಯ ಸ್ಥಾನ ಸೆಂಟಿಮೀಟರ್‌ವರೆಗೆ ಗೊತ್ತಿದ್ದು ತಲೆಯ ಸ್ಥಾನ ಅರ್ಧ ಮೀಟರ್ ತಪ್ಪಿದ್ದರೆ, ಆ ನಿಖರವಾದ ನಕ್ಷೆಯಿಂದ ಬರುವ ಧೈರ್ಯವೇ ಅಪಾಯ.

ಸಮಯದ ವಾದ ಉಳಿಯಿತು. ಸಂಚಾರದ ಕಾರಣದಿಂದ ರಾತ್ರಿಯ ಕೆಲವೇ ಗಂಟೆಗಳಲ್ಲಿ ಕೊರೆತ ಮುಗಿಸಬೇಕಾದಲ್ಲಿ ಈ ನಡಿಗೆಗೆಲ್ಲ ಬಿಡುವೆಲ್ಲಿ ಎಂಬ ಪ್ರಶ್ನೆ ಸಹಜವಾದುದು, ಆದುದರಿಂದ ಆ ನಡಿಗೆ ಎಷ್ಟು ದೊಡ್ಡದು ಎಂದು ನೋಡಬೇಕು. ಸೋಂಡಿನ ಬ್ಯಾಟರಿ ತೆಗೆದು, ರಿಸೀವರನ್ನು ಮಾತ್ರ ಹಚ್ಚಿ, ಕೊರೆಯಬೇಕಾದ ಗೆರೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನಡೆದು, ಹಿನ್ನೆಲೆ ಗದ್ದಲ ಏರಿದ ಕಡೆಯಲ್ಲೆಲ್ಲ ಬಣ್ಣದಿಂದ ಗುರುತು ಹಾಕಿ ಅಂಕಿ ಬರೆಯುವುದು ಮೊದಲ ಹಂತ. ಮರಳಿ ಬರುವಾಗ ಸೋಂಡನ್ನು ಹಚ್ಚಿ ಜೊತೆಗಾರನ ಕೈಗೆ ಕೊಟ್ಟು, ಇಬ್ಬರ ನಡುವೆ ಯೋಜಿತ ಆಳದಷ್ಟೇ ಅಂತರವಿರುವಂತೆ ಸಮಾನಾಂತರವಾಗಿ ನಡೆಯುತ್ತ, ಗುರುತು ಹಾಕಿದ ಕಡೆ ನಿಂತು, ದೂರದ ಅಂಕಿ ಸರಿಯಿದೆಯೇ, ಪಿಚ್ ಮತ್ತು ರೋಲ್ ತಡೆಯಿಲ್ಲದೆ ಬರುತ್ತಿವೆಯೇ ಎಂದು ನೋಡುವುದು ಎರಡನೆಯ ಹಂತ. ನೂರೈವತ್ತು ಮೀಟರಿನ ಮಾರ್ಗಕ್ಕೆ ಇದು ರಿಗ್ ನಿಲ್ಲಿಸಿ ಲಂಗರು ಹಾಕುವಷ್ಟರಲ್ಲಿ ಮುಗಿಯುವ ಕೆಲಸ. ಪರೀಕ್ಷೆಗೆ ಇರುವ ನಿಜವಾದ ಬಿಗಿ ಅವಧಿಯದಲ್ಲ, ಹೊತ್ತಿನದು: ಮಧ್ಯಾಹ್ನ ನಡೆದು ನೋಡಿ ನಡುರಾತ್ರಿ ಕೊರೆದರೆ ಆ ಪರೀಕ್ಷೆ ಬಹುಮಟ್ಟಿಗೆ ವ್ಯರ್ಥ, ಏಕೆಂದರೆ ಮಧ್ಯಾಹ್ನ ಆರಿದ್ದ ಬೀದಿದೀಪದ ತಂತಿಯಲ್ಲಿ ರಾತ್ರಿ ವಿದ್ಯುತ್ ಹರಿಯುತ್ತದೆ, ಕೇಬಲ್‌ಗಳ ಹೊರೆ ಬದಲಾಗುತ್ತದೆ, ಅಪಾರ್ಟ್‌ಮೆಂಟಿನ ಪಂಪು ಯಾವಾಗ ಓಡುವುದೋ ತಿಳಿಯದು. ಅಲ್ಲದೆ ಗದ್ದಲವನ್ನು ಹೋಲಿಸಬೇಕಾದದ್ದು ಮಾರ್ಗದ ಅತಿ ಆಳವಾದ ಸ್ಥಳದಿಂದ ಬರುವ ಸಂಕೇತದೊಂದಿಗೆ. 5 ಮೀಟರ್ ಆಳದಿಂದ ಬರುವ ಬಲ 2 ಮೀಟರಿನಿಂದ ಬರುವುದರ ಸುಮಾರು ಹದಿನಾರನೇ ಒಂದು ಭಾಗ ಮಾತ್ರವಾದ್ದರಿಂದ, ಆರಂಭದ ಗುಂಡಿಯ ಬಳಿ ಲೆಕ್ಕಕ್ಕೆ ಬಾರದ ಗದ್ದಲವೇ ರಾಜಕಾಲುವೆಯ ಕೆಳಗೆ ತಲೆ ಇಳಿದಾಗ ಸೋಂಡಿನ ದನಿಯನ್ನು ಮುಚ್ಚಿಹಾಕಬಲ್ಲದು.

ದೊಡ್ಡ ನದಿಗಳನ್ನು ದಾಟುವ ಕೊರೆತದಲ್ಲಿ ಮೇಲೆ ನಡೆದು ಹಿಂಬಾಲಿಸುವುದು ಸಾಧ್ಯವಿಲ್ಲವಾದ್ದರಿಂದ ತಲೆಯವರೆಗೆ ತಂತಿ ಎಳೆದು, ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಬೇರೆ ವ್ಯವಸ್ಥೆಯನ್ನು ಬಳಸುತ್ತಾರೆ. ಅಲ್ಲಿ ದಿಕ್ಕಿನ ಮೂಲ ಅಳತೆಯನ್ನು ರಿಗ್‌ನ ಉಕ್ಕಿನಿಂದ ದೂರ ಹೋಗಿ, ಲೋಹವಿಲ್ಲದ ಜಾಗದಲ್ಲಿ ತೆಗೆದುಕೊಳ್ಳುವುದು ರೂಢಿ. ಅದನ್ನು ಸಮಯ ವ್ಯರ್ಥವೆಂದು ಯಾವ ಎಂಜಿನಿಯರೂ ಹೇಳುವುದಿಲ್ಲ. ನದಿಯ ಕೆಳಗೆ ಕೋಟ್ಯಂತರ ರೂಪಾಯಿಯ ಕೊಳವೆ ಸಿಲುಕೀತೆಂಬ ಭಯಕ್ಕೆ ಸಿಗುವ ಮರ್ಯಾದೆ, ಜನ ಮಲಗಿರುವ ಬೀದಿಯ ಕೆಳಗಿನ ಅನಿಲದ ಕೊಳವೆಗೆ ಸಿಗುತ್ತಿಲ್ಲವೆಂಬುದು ತಂತ್ರಜ್ಞಾನದ ಕೊರತೆಯಲ್ಲ, ಯಾರ ನಷ್ಟವನ್ನು ನಷ್ಟವೆಂದು ಎಣಿಸಲಾಗುತ್ತಿದೆ ಎಂಬುದರ ಗುರುತು.

ಹಾಗೆ ಎಣಿಸದಿರಲು ಹಣ ಸಂದಾಯದ ರೀತಿಯೇ ದಾರಿ ಮಾಡಿಕೊಡುತ್ತದೆ. ಮೀಟರ್ ಲೆಕ್ಕದಲ್ಲಿ ಬಿಲ್ಲು ಪಾಸಾಗುವಲ್ಲಿ ನಡೆದು ನೋಡಿದ ಹೊತ್ತಿಗೆ ಬೆಲೆಯಿಲ್ಲ, ಅಡಚಣೆ ಹೆಚ್ಚೆಂದು ಆವರ್ತನ ಬದಲಿಸಲು ಬೇರೆ ಸೋಂಡು ತರಿಸಿದ ಖರ್ಚಿಗೆ ಸಾಲಿಲ್ಲ, ಮಾರ್ಗವನ್ನು ಎರಡು ಮೀಟರ್ ಪಕ್ಕಕ್ಕೆ ಸರಿಸಬೇಕೆಂದ ಲೊಕೇಟರನ ಮಾತಿಗೆ ಅಧಿಕಾರವಿಲ್ಲ. ಕೊಳವೆ ಒಡೆದ ದಿನ ಮಾತ್ರ ಎಲ್ಲರ ಬೆರಳೂ ಅವನ ಕಡೆ ತಿರುಗುತ್ತದೆ, ಅವನು ಒಳಗುತ್ತಿಗೆಯವನ ಕೈಕೆಳಗೆ ದಿನಗೂಲಿಗೆ ದುಡಿಯುವವನಾಗಿದ್ದರೂ ಸರಿ. ಹಿನ್ನೆಲೆ ಗದ್ದಲದ ಅಂಕಿಗಳು, ಕ್ಯಾಲಿಬ್ರೇಷನ್ ಮಾಡಿದ ಜಾಗ, ಟೇಪಿನ ಹೋಲಿಕೆ, ರಾಡ್‌ವಾರು ಪಿಚ್ ಮತ್ತು ಆಳ, ಇವಿಷ್ಟೂ ಇರುವ ಹಾಳೆಯನ್ನು ಲೊಕೇಟರ್ ಮತ್ತು ಸ್ಥಳದ ಎಂಜಿನಿಯರ್ ಇಬ್ಬರೂ ಸಹಿ ಮಾಡಿ ಲಗತ್ತಿಸದೆ ಬಿಲ್ಲು ಮುಂದಕ್ಕೆ ಹೋಗಬಾರದೆಂಬ ಷರತ್ತು ಟೆಂಡರಿನಲ್ಲಿಯೇ ಬರಬೇಕು, ಮತ್ತು ಆ ಕೆಲಸಕ್ಕೆ ಪ್ರತ್ಯೇಕ ದರ ನಮೂದಾಗಬೇಕು. ಕೆಲಸ ಮುಗಿದ ಮೇಲೆ ಇಲಾಖೆಗೆ ಸಲ್ಲಿಸುವ ನಕ್ಷೆಯಲ್ಲಿ ದಾಖಲಾಗುವುದು ರಿಸೀವರ್ ತೋರಿಸಿದ ಆಳವೇ. ನಾಲ್ಕಾರು ವರ್ಷಗಳ ನಂತರ ಅದೇ ಬೀದಿಗೆ ಬರುವ ಇನ್ನೊಬ್ಬ ಗುತ್ತಿಗೆದಾರ ತನ್ನ ರಂಧ್ರವನ್ನು ಆ ಅಂಕಿಯಿಂದ ಎಷ್ಟು ಕೆಳಗೆ ಅಥವಾ ಎಷ್ಟು ಮೇಲೆ ಕೊರೆಯಬೇಕೆಂದು ತೀರ್ಮಾನಿಸುತ್ತಾನೆ, ಮತ್ತು ಆ ಅಂಕಿ ಪರೀಕ್ಷೆಯಾದದ್ದೋ ಆಗದ್ದೋ ಎಂದು ತಿಳಿಯಲು ಇಂದಿನ ನಕ್ಷೆಗಳಲ್ಲಿ ಒಂದು ಅಂಕಣವೂ ಇಲ್ಲ.